46ಕ್ಕೆ ಮತ್ತೆ ಕ್ಲಾಸಿಗೆ?

ಪ್ರಶ್ನೆ: ನನಗೆ 46. ಶಂಕರಪುರದಲ್ಲಿ ಮಲ್ಲಿಗೆ ಬೆಳೆದು ಅಟ್ಟೆ (ಕಟ್ಟಿದ ಹೂವಿನ ಅಳತೆ) ಲೆಕ್ಕದಲ್ಲಿ ಮಾರುತ್ತೇನೆ. ಸೈನ್ಸ್ ಪಿಯುಸಿ ಆಗಿದೆ. ತೋಟಗಾರಿಕೆ ಓದುತ್ತೇನೆ ಅಂದರೆ ಮಗ ನಗುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ನಗಲಿ ಬಿಡಿ ಅಕ್ಕಾ. ನಾನು 44ಕ್ಕೆ ತೋಟಗಾರಿಕೆ ಡಿಗ್ರಿಗೆ ಸೇರಿದಾಗ, ಮೇಷ್ಟ್ರು ಬಂದರೆಂದು ಹುಡುಗರೆಲ್ಲ ಎದ್ದು ನಿಂತಿದ್ದರು! ಕೆಮಿಸ್ಟ್ರಿಯಲ್ಲಿ ಒದ್ದಾಡಿದೆ, ನಿಜ. ಆದರೆ ಗೇರು ಕಸಿಯ ದಿನ, ಎರಡು ತಿಂಗಳ ಸಸಿಯ ತಲೆ ಕತ್ತರಿಸಿ, ಸೀಳಿ, ಒಳ್ಳೆ ತಳಿಯ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವಾಗ ಕೈ ನಡುಗದವನು ನಾನೊಬ್ಬನೇ.

ಡಿಗ್ರಿ ಅಂದರೆ 4 ವರ್ಷ. ಬೆಳಿಗ್ಗೆ ಮಲ್ಲಿಗೆ ಕೊಯ್ಯುವವರು ಯಾರು? ಅದನ್ನು ಮೊದಲು ಮನೆಯಲ್ಲಿ ಮಾತಾಡಿ. ಅಷ್ಟರೊಳಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ತರಬೇತಿ ಬಗ್ಗೆ ವಿಚಾರಿಸಿ. ಮಗನನ್ನೂ ಕರಕೊಂಡು ಹೋಗಿ, ಗಿಡದ ಚೀಲ ಹಿಡಿಯಲಿಕ್ಕಾದರೂ ಆಗುತ್ತಾನೆ.