13 ಗೆಲುವು, ಒಂದು ಸ್ಪ್ರೆಡ್‌ಶೀಟ್, ಮಾತು ಬಿಟ್ಟ ಗೆಳೆಯ: ಒಂದು ಆಪ್ತಸಲಹೆ ಪ್ರಕರಣ

ಆಟದ ಅಂಕಿ-ಅಂಶಗಳ ಮೇಲೆ ಇಂಟರ್ನೆಟ್ಟಿನಲ್ಲಿ ವಾದಕ್ಕಿಳಿದು, ನಿದ್ದೆ ಕೆಡಿಸಿಕೊಂಡು, ಕೊನೆಗೆ ಆಪ್ತರನ್ನೂ ದೂರ ಮಾಡಿಕೊಂಡವರು ಫ್ಲಾರಿಡಾದಲ್ಲಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಹೆಚ್ಚಿನವರು ಲೆಕ್ಕದಲ್ಲಿ ಚುರುಕಾದವರು, ಬೇರೆ ಯಾವ ವಿಷಯಕ್ಕೂ ಯಾರೊಂದಿಗೂ ಜಗಳ ಕಾಯದವರು. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ತಿಳಿಸಲು ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಅನುಮತಿ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಇವರು ನಡುವಯಸ್ಸಿನ ಎಂಜಿನಿಯರ್. ಕರ್ನಾಟಕದಲ್ಲಿ ಬಿ.ಇ. ಮುಗಿಸಿ, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಲು ಟ್ಯಾಲಹಾಸಿಗೆ ಬಂದಾಗ ಅಲ್ಲಿನ ಕಾಲೇಜು ಫುಟ್‌ಬಾಲ್ ಇವರನ್ನು ಹಿಡಿದುಕೊಂಡಿತು. ಇದು ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಆಟದ ನಿಯಮಗಳನ್ನು ಕಲಿಸಿದವರು, ಮೊದಲ ಬಾರಿಗೆ ಡೋಕ್ ಕ್ಯಾಂಬೆಲ್ ಕ್ರೀಡಾಂಗಣಕ್ಕೆ ಕರೆದೊಯ್ದವರು ಇವರದೇ ಜಿಲ್ಲೆಯ ಒಬ್ಬ ರೂಮ್‌ಮೇಟ್. ಮುಂದೆ ಇಬ್ಬರೂ ಬೇರೆ ಬೇರೆ ಊರು ಸೇರಿದರೂ ಶನಿವಾರದ ಪಂದ್ಯದ ಹೊತ್ತಿಗೆ ಫೋನಿನಲ್ಲಿ ಜೊತೆಯಾಗುವುದು ತಪ್ಪಿರಲಿಲ್ಲ.

ಈ ಗೆಳೆಯರಿಬ್ಬರ ಜಗಳದ ಮೂಲ 2023ರ ಡಿಸೆಂಬರ್ 3ರ ತೀರ್ಮಾನ. ಆಗ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್‌ಗೆ ನಾಲ್ಕೇ ತಂಡಗಳಿಗೆ ಅವಕಾಶವಿತ್ತು. ಅವನ್ನು ಆರಿಸುತ್ತಿದ್ದುದು 13 ಸದಸ್ಯರ ಸಮಿತಿ. ಫ್ಲಾರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದು ತನ್ನ ಕಾನ್ಫರೆನ್ಸಿನ, ಅಂದರೆ ತಾನು ಸೇರಿದ ತಂಡಗಳ ಗುಂಪಿನ, ಚಾಂಪಿಯನ್ ಆಗಿತ್ತು. ಆದರೆ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿಯನ್ನು ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರ್ಯಾವಿಸ್ ನವೆಂಬರ್ 18ರಂದು ಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು ಹೊರಬಿದ್ದಿದ್ದರು. ಸಮಿತಿ ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ನಾಲ್ಕನೆಯ ಸ್ಥಾನಕ್ಕೆ ತಂದು, ಫ್ಲಾರಿಡಾ ಸ್ಟೇಟನ್ನು ಐದರಲ್ಲಿ ನಿಲ್ಲಿಸಿತು. ದೊಡ್ಡ ಕಾನ್ಫರೆನ್ಸೊಂದರ ಸೋಲಿಲ್ಲದ ಚಾಂಪಿಯನ್ ತಂಡ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು.

ಆ ದಿನಗಳಲ್ಲಿ ಆ ಹಳೆಯ ರೂಮ್‌ಮೇಟ್ ಗೆಳೆಯ ಇಂಟರ್ನೆಟ್ಟಿನಲ್ಲಿ ಬರೆದದ್ದು ಒಂದೇ ಸಾಲು: ಟ್ರ್ಯಾವಿಸ್ ಇಲ್ಲದ ಎರಡು ಪಂದ್ಯಗಳ ಅಂಕಿ ನೋಡಿದರೆ ಸಮಿತಿ ಮಾಡಿದ್ದು ಸರಿ ಅನಿಸುತ್ತದೆ. ಆ ಗೆಳೆಯನ ಉದ್ಯೋಗವೇ ಸಂಖ್ಯಾಶಾಸ್ತ್ರ. ಎರಡು ಪಂದ್ಯಗಳಿಂದ ತೀರ್ಮಾನಕ್ಕೆ ಬರುವವನಿಗೆ ಸಂಬಳ ಕೊಡುವವರು ಯಾರು ಎಂದು ಇವರು ಎಲ್ಲರೆದುರು ಉತ್ತರ ಕೊಟ್ಟರು. ಅಪರಿಚಿತರು ನೂರಾರು ಮಂದಿ ಅದನ್ನು ಮೆಚ್ಚಿದರು. ಗೆಳೆಯ ಮರುಮಾತು ಬರೆಯಲಿಲ್ಲ, ಶನಿವಾರದ ಫೋನೂ ನಿಂತಿತು. ಒಂದು ವರ್ಷ ಕಳೆದ ಮೇಲೆಯೂ ಇವರು ರಾತ್ರಿ ಎರಡು ಗಂಟೆಯವರೆಗೆ ಅದೇ ವಾದವನ್ನು ಬೇರೆಯವರೊಂದಿಗೆ ಮುಂದುವರಿಸುತ್ತಿದ್ದುದನ್ನು ಕಂಡು ಇವರ ಪತ್ನಿ ನನಗೆ ಕರೆ ಮಾಡಿದರು.

ಮೊದಲ ಭೇಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಥ ಸಿಟ್ಟಿನ ಹಿಂದೆ ಕೈತಪ್ಪಿದ ಬಡ್ತಿಯನ್ನೋ ಬಾಲ್ಯದ ನೋವನ್ನೋ ಹುಡುಕುವುದು ನಮ್ಮ ವೃತ್ತಿಯಲ್ಲಿ ರೂಢಿ. ನಾನೂ ವಿಚಾರಿಸಿದೆ, ಅಂಥದ್ದೇನೂ ಇರಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಮನುಷ್ಯ ತಾನು ಪ್ರೀತಿಸುವ ತಂಡಕ್ಕೆ ಅನ್ಯಾಯವಾಗಿದೆ ಎಂದು ನೊಂದರೆ ಆ ನೋವು ತಂಡದ್ದೇ ಇರಬಹುದು. ಅದನ್ನು ಇನ್ನೇನೋ ಎಂದು ತಿರುಗಿಸಿ ಹೇಳಿದರೆ, ಎದುರಿಗಿರುವವರ ಬುದ್ಧಿಯನ್ನು ಅವಮಾನಿಸಿದಂತೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ವಾದವನ್ನು ವಾದವಾಗಿಯೇ ನೋಡೋಣ, ನಿಮ್ಮ ಲೆಕ್ಕವನ್ನು ತನ್ನಿ ಎಂದೆ.

ಅವರು ಲ್ಯಾಪ್‌ಟಾಪ್ ತಂದು ಸ್ಪ್ರೆಡ್‌ಶೀಟ್ ತೆರೆದರು. ಅದು ಶ್ರದ್ಧೆಯಿಂದ ಮಾಡಿದ ಕೆಲಸ ಎಂಬುದರಲ್ಲಿ ಸಂಶಯವಿರಲಿಲ್ಲ. ಕಾಲೇಜು ಆಟದಲ್ಲಿ ಕ್ವಾರ್ಟರ್‌ಬ್ಯಾಕನ್ನು ಚೆಂಡು ಎಸೆಯುವ ಮುನ್ನವೇ ಹಿಡಿದು ಕೆಡವಿದರೆ, ಅಂದರೆ ಸ್ಯಾಕ್ ಮಾಡಿದರೆ, ಕಳೆದುಕೊಂಡ ಗಜಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಅದೇ ನಷ್ಟ ತಂಡದ ಎಸೆತದ ಲೆಕ್ಕಕ್ಕೆ ಹೋಗುತ್ತದೆ. ಇದನ್ನರಿಯದೆ ಎರಡನ್ನೂ ಹೋಲಿಸುವವರ ತಪ್ಪನ್ನು ಅವರು ಒಂದು ಅಂಕಣದಲ್ಲಿ ತಿದ್ದಿಟ್ಟಿದ್ದರು. ಕೊನೆಯ ಹಾಳೆಗೆ 'ಆಮೇಲೆ ನಡೆದದ್ದು' ಎಂದು ಹೆಸರಿಟ್ಟು, ಪ್ಲೇಆಫ್‌ನ ಸೆಮಿಫೈನಲ್ ಆಗಿದ್ದ ರೋಸ್ ಬೌಲ್ ಪಂದ್ಯದಲ್ಲಿ ಅಲಬಾಮಾ ಮಿಷಿಗನ್ನಿಗೆ 27–20ರಲ್ಲಿ ಸೋತದ್ದನ್ನು ಹಳದಿ ಬಣ್ಣ ಬಳಿದು ಎತ್ತಿ ತೋರಿಸಿದ್ದರು. ಫ್ಲಾರಿಡಾ ಸ್ಟೇಟ್ ಡಿಸೆಂಬರ್ 30ರಂದು ಪ್ಲೇಆಫ್‌ಗೆ ಸೇರದ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾಕ್ಕೆ 63–3ರಲ್ಲಿ ಸೋತದ್ದು ಮಾತ್ರ ಎಲ್ಲಿಯೂ ಇರಲಿಲ್ಲ.

ಅದು ಏಕಿಲ್ಲ ಎಂದು ಕೇಳಿದೆ. "ಅದು ಲೆಕ್ಕಕ್ಕಿಲ್ಲ ಮೇಡಂ. ಪ್ಲೇಆಫ್ ಕೈತಪ್ಪಿತು ಅಂತ ನಮ್ಮ ಮುಖ್ಯ ಆಟಗಾರರಲ್ಲಿ ಅರ್ಧಕ್ಕರ್ಧ ಜನ ಆಡಲೇ ಇಲ್ಲ. ಆ ಸ್ಕೋರ್ ಇಟ್ಟುಕೊಂಡು 13 ಪಂದ್ಯ ಗೆದ್ದ ತಂಡವನ್ನು ಅಳೆಯೋಕಾಗುತ್ತಾ?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಸರಿ ಎಂದೇ ಹೇಳಿದೆ. ಬಳಿಕ ಒಂದೇ ಪ್ರಶ್ನೆ ಕೇಳಿದೆ: ಅದೇ ಅರೆಬರೆ ತಂಡ ಆ ದಿನ ಜಾರ್ಜಿಯಾವನ್ನು ಸೋಲಿಸಿದ್ದರೆ, ಆ ಪಂದ್ಯ ನಿಮ್ಮ ಹಾಳೆಯಲ್ಲಿ ಎಲ್ಲಿರುತ್ತಿತ್ತು?

ಅವರು ಬಹಳ ಹೊತ್ತು ಪರದೆಯನ್ನೇ ನೋಡಿದರು. "ಮೊದಲನೇ ಸಾಲಿನಲ್ಲಿ ಇರುತ್ತಿತ್ತು," ಎಂದರು. ಸ್ವಲ್ಪ ತಡೆದು, "ಅವನಿಗೆ ಇದು ಮೊದಲೇ ಗೊತ್ತಿತ್ತು ಅನಿಸುತ್ತೆ ಮೇಡಂ. ನಾನು ಹೇಗೆ ಲೆಕ್ಕ ಹಾಕ್ತೀನಿ ಅಂತ ಅವನಷ್ಟು ಬಲ್ಲವರು ಯಾರೂ ಇಲ್ಲ," ಎಂದು ಸೇರಿಸಿದರು. ಗೆಳೆಯನ ವಿಷಯವನ್ನು ಅವರು ನಾನು ಕೇಳದೆಯೇ ಎತ್ತಿದ್ದು ಅದೇ ಮೊದಲು.

ಆ ಪ್ರಶ್ನೆ ಅವರನ್ನು ಸೋಲಿಸಲು ಕೇಳಿದ್ದಲ್ಲ. 63–3ನ್ನು ಬಿಡಲು ಅವರಲ್ಲಿ ನ್ಯಾಯವಾದ ಕಾರಣವಿತ್ತು; ಆದರೆ ಕಾರಣ ಹುಟ್ಟಿದ್ದು ಫಲಿತಾಂಶ ಬಂದ ಮೇಲೆ. ಯಾವ ಅಂಕಿಯನ್ನು ಒಪ್ಪುತ್ತೇನೆ, ಯಾವುದನ್ನು ಬಿಡುತ್ತೇನೆ ಎಂಬುದನ್ನು ಪಂದ್ಯಕ್ಕೆ ಮುಂಚೆ ಬರೆದಿಡದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ತನ್ನ ಕಡೆಗೇ ವಾಲುತ್ತಾನೆ, ಬುದ್ಧಿವಂತನಾದಷ್ಟೂ ವಾಲಲು ಒಳ್ಳೆಯ ಕಾರಣಗಳು ಸಿಗುತ್ತವೆ. ಅದಕ್ಕಾಗಿಯೇ ನಾನು ಕೊಟ್ಟ ಮೊದಲ ಸಲಹೆ, ಋತು ಆರಂಭವಾಗುವ ಮುನ್ನವೇ ತಮ್ಮ ಅಳತೆಗೋಲನ್ನು ಬರೆದು, ತಾರೀಖು ಹಾಕಿ ಇಡಬೇಕೆಂಬುದು.

ಎರಡನೆಯ ಸಲಹೆ ಗೆಳೆಯನಿಗೆ ಸಂಬಂಧಿಸಿದ್ದು. 130ಕ್ಕೂ ಹೆಚ್ಚು ತಂಡಗಳಿರುವ ಕಾಲೇಜು ಫುಟ್‌ಬಾಲಿನ ಈ ಮೇಲಿನ ಮಟ್ಟದಲ್ಲಿ ಪ್ರತಿ ತಂಡ ಆಡುವುದು 12 ನಿಯಮಿತ ಪಂದ್ಯಗಳನ್ನು, ಅವುಗಳಲ್ಲಿ ಹೆಚ್ಚಿನವು ಸ್ವಂತ ಕಾನ್ಫರೆನ್ಸಿನೊಳಗೇ. ಬಹುತೇಕ ತಂಡಗಳು ಪರಸ್ಪರ ಎದುರಾಗುವುದೇ ಇಲ್ಲ. ಹೀಗಾಗಿ ಅಂಕಿಗಳನ್ನು ಎರಡು ಬಗೆಯ ಪ್ರಶ್ನೆಗೆ ಬಳಸುತ್ತಾರೆ: ಈವರೆಗೆ ಯಾರು ಹೆಚ್ಚು ಗಳಿಸಿದ್ದಾರೆ ಎಂಬುದು ಒಂದು, ನಾಳೆ ಆಡಿದರೆ ಯಾರು ಗೆಲ್ಲುತ್ತಾರೆ ಎಂಬುದು ಇನ್ನೊಂದು. ಎಸ್‌ಪಿ ಪ್ಲಸ್, ಎಫ್‌ಪಿಐ ಮುಂತಾದ ಕಂಪ್ಯೂಟರ್ ಲೆಕ್ಕದ ಶ್ರೇಯಾಂಕಗಳು ಎರಡನೆಯದಕ್ಕೆ ಉತ್ತರ ಕೊಡುತ್ತವೆ. ಗೆಲುವುಗಳ ಪಟ್ಟಿ ಮೊದಲನೆಯದಕ್ಕೆ. ಸಮಿತಿಯ ನಿಯಮಾವಳಿಯಲ್ಲಿ ಚಾಂಪಿಯನ್ ಪಟ್ಟಕ್ಕೂ ತೂಕವಿತ್ತು, ಮುಖ್ಯ ಆಟಗಾರರು ಲಭ್ಯರಿಲ್ಲದಿದ್ದರೆ ಅದನ್ನು ಪರಿಗಣಿಸಬೇಕೆಂಬ ಮಾತೂ ಇತ್ತು. ಗೆಳೆಯರಿಬ್ಬರೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸುತ್ತಿದ್ದರು. ಯಾವ ಪ್ರಶ್ನೆ ಮುಖ್ಯ ಎಂಬುದೇ ನಿಜವಾದ ಭಿನ್ನಾಭಿಪ್ರಾಯ, ಅದು ನ್ಯಾಯದ ವಿಚಾರ. ಯಾವ ಸ್ಪ್ರೆಡ್‌ಶೀಟೂ ಅದನ್ನು ಇತ್ಯರ್ಥ ಮಾಡಲಾರದು. ಆದ್ದರಿಂದ ಗೆಳೆಯನಿಗೆ ಫೋನ್ ಮಾಡಿ, ಸಮಿತಿಯ ಬಗ್ಗೆ ನಿಲುವು ಬದಲಿಸುವ ಅಗತ್ಯವಿಲ್ಲ, ಆದರೆ ಎಲ್ಲರೆದುರು ಆಡಿದ ಆ ಸಂಬಳದ ಮಾತಿಗೆ ಕ್ಷಮೆ ಕೇಳಿ, ನೀನು ಉತ್ತರಿಸುತ್ತಿದ್ದ ಪ್ರಶ್ನೆ ಯಾವುದಾಗಿತ್ತು ಎಂದು ವಿಚಾರಿಸಿ ಎಂದೆ.

ಇಂಟರ್ನೆಟ್ಟನ್ನೇ ಬಿಡಿಸಬೇಕಿತ್ತು ಎಂದು ಇದೇ ವೃತ್ತಿಯ ಕೆಲವರು ಆಕ್ಷೇಪಿಸಿದ್ದಾರೆ. ರಾತ್ರಿ ಹನ್ನೊಂದರ ನಂತರ ಉತ್ತರ ಬರೆಯಬಾರದೆಂಬ ಮಿತಿಯನ್ನು ನಾನು ಹಾಕಿದ್ದೆ, ನಿದ್ದೆಗೆ ಅದು ಬೇಕಿತ್ತು. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಯಾರನ್ನೂ ಅರಿಯದ ಊರಿಗೆ ಬಂದವರಿಗೆ 'ನಾವು' ಎನ್ನಲು ಕಲಿಸಿದ್ದು ಆ ಕೆಂಪು-ಬಂಗಾರ ಬಣ್ಣದ ತಂಡ. ಪರದೇಶದಲ್ಲಿ ಬೇರು ಬಿಟ್ಟ ಅಭಿಮಾನವನ್ನು ಕೆಟ್ಟ ಚಟದ ಸಾಲಿಗೆ ಸೇರಿಸಿ ಕತ್ತರಿಸಲು ಹೊರಟರೆ, ಅದರ ಜಾಗದಲ್ಲಿ ಏನನ್ನು ನೆಡುತ್ತೇವೆ ಎಂಬುದನ್ನೂ ನಾವು ಹೇಳಬೇಕಾಗುತ್ತದೆ.

ಫೋನ್ ಮಾಡಲು ಅವರು ಕೆಲವು ವಾರ ತಡಮಾಡಿದರು. ಮಾಡಿದಾಗ ಗೆಳೆಯ ಮೊದಲು ಕೇಳಿದ್ದು ಮಕ್ಕಳ ಶಾಲೆಯ ಬಗ್ಗೆ; ಕ್ಷಮೆಯನ್ನು ಒಪ್ಪಿಕೊಂಡರೂ "ನೀನು ಅಷ್ಟು ಜನರ ಮುಂದೆ ಹಾಗೆ ಬರೆಯಬಾರದಿತ್ತು ಕಣೋ" ಎಂದು ನೇರವಾಗಿಯೇ ಹೇಳಿದರಂತೆ. 2025ರ ಆಗಸ್ಟ್ ಕೊನೆಯಲ್ಲಿ ಫ್ಲಾರಿಡಾ ಸ್ಟೇಟ್ ಅಲಬಾಮಾವನ್ನು 31–17ರಲ್ಲಿ ಸೋಲಿಸಿದ ದಿನ ಇಬ್ಬರೂ ಫೋನಿನಲ್ಲಿ ಜೊತೆಗಿದ್ದರು. ಆ ಗೆಲುವು 2023ರ ವಾದಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ಇವರೇ ಮೊದಲು ಹೇಳಿದರೆಂದು ತಿಳಿಯಿತು. ಅವರು ಮೊದಲೇ ಬರೆದಿಟ್ಟ ಅಳತೆಗೋಲಿನಲ್ಲಿ ಬೇರೆ ವರ್ಷದ ಪಂದ್ಯಗಳನ್ನು ಸೇರಿಸಬಾರದೆಂದಿತ್ತು. ಸಮಿತಿ ತಪ್ಪು ಮಾಡಿತು ಎಂಬ ಅವರ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ, ಗೆಳೆಯನದೂ ಬದಲಾಗಿಲ್ಲ. ಹನ್ನೊಂದು ಗಂಟೆಯ ಮಿತಿಯನ್ನು ಮಾತ್ರ, ನವೆಂಬರಿನಲ್ಲಿ ಸಮಿತಿಯ ಶ್ರೇಯಾಂಕ ಹೊರಬೀಳುವ ಮಂಗಳವಾರ ರಾತ್ರಿಗಳಲ್ಲಿ ಪಾಲಿಸಲಾಗುವುದಿಲ್ಲ ಎಂದು ಕೇಳಿಕೊಂಡರು. ಅದಕ್ಕೆ ಒಪ್ಪಿದ್ದೇನೆ, ಅವರ ಪತ್ನಿಯೂ ಒಪ್ಪಿದ್ದಾರೆ.