ಬೀಟೆ ಮರದಲ್ಲಿ ಪಜಲ್ ಕತ್ತರಿಸುವಾಗ ಸ್ಕ್ರೋಲ್ ಸಾ ಬ್ಲೇಡ್ ಪದೇ ಪದೇ ಮುರಿಯುವುದೇಕೆ?

ಅಜ್ಜನ ಕಾಲದ ಬೀಟೆ ಮಂಚದ ಹಲಗೆಯಲ್ಲಿ ಮಗನಿಗೆ ಪಜಲ್ ಮಾಡಲು ಹೊರಟಿದ್ದೀರಿ. ಸ್ಕ್ರೋಲ್ ಸಾದಲ್ಲಿ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಕತ್ತರಿಸುವ ಗರಗಸದ ಮೆಷಿನ್) ಹತ್ತು ನಿಮಿಷಕ್ಕೊಂದು ಬ್ಲೇಡ್ ಮುರಿಯುತ್ತಿದೆ, ಅಂಚು ಸುಟ್ಟು ಕಪ್ಪಾಗುತ್ತಿದೆ, ಕತ್ತರಿಸಿದ ತುಂಡು ಒಂದು ಕಡೆಯಿಂದ ಮಾತ್ರ ಒಳಗೆ ಕೂರುತ್ತಿದೆ. ಇನ್ನೂ ದೊಡ್ಡ ಮೋಟಾರಿನ ಮೆಷಿನ್ ಕೊಳ್ಳಬೇಕೇ ಎಂದು ಕೇಳಿದ್ದೀರಿ.

ಕೊಳ್ಳಬೇಡಿ. ನಾನು ಸಾಗರದ ಕಡೆಯವನು, ಬಿಡುವಿನ ಹವ್ಯಾಸಕ್ಕೆ ಈ ಕೆಲಸ ಹಿಡಿದವನು. ಈ ಮೂರೂ ಅವಸ್ಥೆ ಮೊದಲ ವರ್ಷ ನನಗೂ ಆಗಿದ್ದವು. ಮೂರಕ್ಕೂ ಕಾರಣ ಮೋಟಾರಲ್ಲ, ನಾನು ಮೆಷಿನ್ ಬಳಸುತ್ತಿದ್ದ ರೀತಿ. ಮೊದಲ ತಪ್ಪು ಕೈಯದು. ಪ್ಲೈವುಡ್ ಮೇಲೆ ಕಲಿತ ಕೈ ಬೀಟೆಯನ್ನೂ ಅದೇ ವೇಗದಲ್ಲಿ ತಳ್ಳುತ್ತದೆ. ಒಣಗಿದ ಸಾಗುವಾನಿ ಘನಮೀಟರಿಗೆ ಸುಮಾರು 650 ಕೆ.ಜಿ. ತೂಗಿದರೆ ಬೀಟೆ 800 ದಾಟುತ್ತದೆ. ಬ್ಲೇಡು ಕತ್ತರಿಸುವುದು ಕೆಳಗಿಳಿಯುವಾಗ ಮಾತ್ರ. ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಹೊಟ್ಟು ಹೊರಗೆ ಬರುವ ಮೊದಲೇ ನೀವು ಮತ್ತೆ ತಳ್ಳಿದರೆ, ಅದು ಅಲ್ಲೇ ಗಿಡಿದುಕೊಂಡು ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಮರ ಸುಡುತ್ತದೆ. ಬ್ಲೇಡ್ ಹಿಂದಕ್ಕೆ ಬಿಲ್ಲಿನಂತೆ ಬಾಗಿ ಕೊನೆಗೆ ಟಪ್ಪೆನ್ನುತ್ತದೆ. ನಿಮ್ಮ ಮೋಟಾರು ನಿಂತುಹೋಗುತ್ತಿದೆ ಎಂದು ನೀವು ಎಲ್ಲೂ ಬರೆದಿಲ್ಲ, ಗಮನಿಸಿದಿರಾ? ಮುರಿಯುತ್ತಿರುವುದು ಬ್ಲೇಡ್ ಮಾತ್ರ.

ಎರಡನೆಯ ತಪ್ಪು ಬ್ಲೇಡಿನ ಆಯ್ಕೆ. ಪಜಲ್ ಅಂದರೆ ನಾಜೂಕು, ಹಾಗಾಗಿ ಕೂದಲೆಳೆಯಂಥ ಬ್ಲೇಡೇ ಬೇಕು ಅಂದುಕೊಳ್ಳುತ್ತೇವೆ. 4-6 ಮಿ.ಮೀ. ಪ್ಲೈವುಡ್‌ಗೆ ಅದು ಸರಿ. ನಿಮ್ಮ ಹಲಗೆ 18-20 ಮಿ.ಮೀ. ದಪ್ಪ ಅಂದಿದ್ದೀರಿ. ಅದಕ್ಕೆ ಕನಿಷ್ಠ ನಂಬರ್ 5 ಹಾಕಿ (ನಂಬರ್ ಏರಿದಷ್ಟೂ ಬ್ಲೇಡ್ ದಪ್ಪ). ಹೊರಗಿನ ಅಂಚನ್ನು ಸುತ್ತ ಕತ್ತರಿಸಲು 7 ಆದರೂ ನಡೆಯುತ್ತದೆ. ಹಲ್ಲು ಒತ್ತೊತ್ತಾಗಿರುವುದು ಬೇಡ, ಒಂದು ಬಿಟ್ಟು ಒಂದು ಇರುವಂಥ ಸ್ಕಿಪ್ ಟೂತ್ ತಗೊಳ್ಳಿ. ಹೊಟ್ಟಿಗೆ ಜಾಗ ಸಿಗುತ್ತದೆ. ತುದಿಗೆ ಮೊಳೆಯಿರುವ ಪಿನ್ ಬ್ಲೇಡ್ ಮಾತ್ರ ಹಿಡಿಯುವ ಮೆಷಿನ್ ನಿಮ್ಮದಾಗಿದ್ದರೆ, ದುಡ್ಡು ಹಾಕಬೇಕಾದ ಜಾಗ ಅದು: ಪಿನ್ ಇಲ್ಲದ, 5 ಇಂಚಿನ ಸಾದಾ ಬ್ಲೇಡ್ ಕೂರುವ ಹಿಡಿಕೆ. (ಅಂಗಡಿಯಲ್ಲಿ ಬ್ಲೇಡ್ ಕೇಳುವಾಗ ‘ಜಿಗ್ ಸಾ’ ಅನ್ನಬೇಡಿ. ಪಜಲ್‌ಗೆ ಆ ಹೆಸರಿದ್ದರೂ, ಅವರು ಬಡಗಿಗಳು ಕೈಯಲ್ಲಿ ಹಿಡಿಯುವ ಮೆಷಿನ್ನಿನ ದಪ್ಪ ಬ್ಲೇಡ್ ತಂದು ಮುಂದಿಡುತ್ತಾರೆ.)

ಬಿಗಿ ಎಷ್ಟಿರಬೇಕು? ಬೆರಳಿನಿಂದ ಮೀಟಿದರೆ ತಂತಿಯಂತೆ ‘ಟಿಣ್’ ಅನ್ನಬೇಕು. ‘ದಬ್’ ಅಂದರೆ ಸಡಿಲ. ವೇಗ ಕಡಿಮೆ ಮಾಡಿ. ನಾನು ಬೀಟೆಗೆ ಅರ್ಧಕ್ಕಿಂತ ಮೇಲೆ ಏರಿಸುವುದಿಲ್ಲ. ಹಲಗೆಗೆ ನಕ್ಷೆಯ ಚಿತ್ರ ಅಂಟಿಸಿದ ಮೇಲೆ ಅದರ ಮೇಲೊಂದು ಪಟ್ಟಿ ಪ್ಯಾಕಿಂಗ್ ಟೇಪ್ ಹಾಕಿ. ಸುಡುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ, ಮಾಡಿ ನೋಡಿ. ಹಾಗೇ, ಬ್ಲೇಡ್ ಮುರಿಯುವವರೆಗೆ ಕಾಯಬೇಡಿ. ತಳ್ಳಬೇಕು ಅನ್ನಿಸಿದ ಕ್ಷಣವೇ ಅದು ಮೊಂಡಾಗಿದೆ ಎಂದು ತಿಳಿದು ಬಿಚ್ಚಿ ಎಸೆಯಿರಿ. ಜಿಪುಣತನ ತೋರಿಸಿ ನಾನು ಹಾಳುಮಾಡಿಕೊಂಡ ಮರದ ಬೆಲೆಗೆ ಬ್ಲೇಡುಗಳ ಪೆಟ್ಟಿಗೆಗಳೇ ಬರುತ್ತಿದ್ದವು.

ತುಂಡು ಒಂದೇ ಕಡೆಯಿಂದ ಕೂರುವುದು ಮೆಷಿನ್ನಿನ ಟೇಬಲ್, ಅಂದರೆ ಹಲಗೆ ಇಟ್ಟು ತಳ್ಳುವ ತಟ್ಟೆ, ಓರೆಯಾಗಿರುವುದರಿಂದ. ಮೆಷಿನ್ ಮೇಲಿನ ಡಿಗ್ರಿ ಗುರುತನ್ನು ನಂಬಬೇಡಿ. ದಪ್ಪ ಮರದ ಚೂರೊಂದಕ್ಕೆ ಅಂಚಿನಲ್ಲಿ ಚಿಕ್ಕ ಕಚ್ಚು ಹಾಕಿ, ಮೆಷಿನ್ ನಿಲ್ಲಿಸಿ, ಚೂರನ್ನು ತಿರುಗಿಸಿ ಬ್ಲೇಡಿನ ಬೆನ್ನ ಕಡೆಯಿಂದ ಅದೇ ಕಚ್ಚಿಗೆ ಕೂರಿಸಿ. ಸಲೀಸಾಗಿ ಕೂತರೆ 90 ಡಿಗ್ರಿ. ಇಲ್ಲದಿದ್ದರೆ ಓರೆ. 20 ಮಿ.ಮೀ. ದಪ್ಪದಲ್ಲಿ ಒಂದು ಡಿಗ್ರಿ ತಪ್ಪಿದರೂ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಮೂರನೇ ಒಂದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಬ್ಲೇಡು ಮಾಡುವ ದಾರಿಯೇ ಅರ್ಧ ಮಿಲಿಮೀಟರಿನ ಆಸುಪಾಸು ಇರುವಾಗ ಅದು ಸಣ್ಣದಲ್ಲ. ಟೇಬಲ್ ಸರಿಯಿದ್ದೂ ತುಂಡು ಹಿಡಿದುಕೊಂಡರೆ, ತಿರುವಿನಲ್ಲಿ ಪಕ್ಕಕ್ಕೆ ಒತ್ತುತ್ತಿದ್ದೀರಿ ಎಂದರ್ಥ.

ಈಗ ನೀವು ಕೇಳದೇ ಇದ್ದ ವಿಷಯ. ನೀವು ಹಾಕಿರುವ ನಕ್ಷೆಯಲ್ಲಿ ತುಂಡುಗಳಿಗೆ ಗುಂಡುತಲೆ, ಸಣ್ಣ ಕುತ್ತಿಗೆ ಇದೆ. ಪ್ಲೈವುಡ್‌ನಲ್ಲಿ ಪದರಗಳ ಎಳೆ ಅಡ್ಡಡ್ಡ ಇರುವುದರಿಂದ ಅದು ಗಟ್ಟಿ. ಇಡೀ ಮರದಲ್ಲಿ ಎಳೆಗೆ ಅಡ್ಡವಾಗಿ ಬರುವ ಕುತ್ತಿಗೆ, ಅದು ಎಂಥ ಗಟ್ಟಿ ಬೀಟೆಯಾದರೂ, ಮಗು ಎರಡನೇ ಸಲ ಎಳೆದಾಗ ಮುರಿಯುತ್ತದೆ. ಕುತ್ತಿಗೆಗಳನ್ನೆಲ್ಲ ಎಳೆಯ ದಿಕ್ಕಿಗೇ ಬರೆಯಿರಿ, ಇಲ್ಲವೇ ಬಿಟ್ಟೇಬಿಡಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮಹಾಗನಿ ಹಲಗೆಗೆ ಭೂಪಟ ಅಂಟಿಸಿ ದೇಶಗಳ ಗಡಿಗುಂಟ ಕತ್ತರಿಸಿ ಮಾರುತ್ತಿದ್ದ. ಪಜಲ್‌ಗಳ ಮೂಲ ಪುರುಷ ಎಂದು ಹೇಳುವುದು ಅವನನ್ನೇ. ಅವನ ತುಂಡುಗಳಿಗೆ ಕೊಂಡಿಯ ಗೊಡವೆ ಇರಲಿಲ್ಲ. ದಪ್ಪ ಹಲಗೆಗೆ ನಾನಂತೂ ಆನೆ, ಕಾಡುಕೋಣ, ಹಾರ್ನ್‌ಬಿಲ್ ಹೀಗೆ ನೆಟ್ಟಗೆ ನಿಲ್ಲುವ ಪ್ರಾಣಿಗಳನ್ನೇ ಆರಿಸುತ್ತೇನೆ: ಏಳೆಂಟು ತುಂಡು, ಅಗಲ ಅಗಲ ತಿರುವು.

ಮಳೆಗಾಲದ ಮಾತು ಹೇಳಲೇಬೇಕು. ಮಾರ್ಚ್‌ನಲ್ಲಿ ಮಗಳಿಗೆ ಹಲಸಿನ ಮರದ ಆನೆ ಮಾಡಿಕೊಟ್ಟಿದ್ದೆ, ತುಂಡುಗಳು ಬೆಣ್ಣೆಯಂತೆ ಜಾರುತ್ತಿದ್ದವು. ಜುಲೈಯಲ್ಲಿ ಆನೆ ಒಂದೇ ಮುದ್ದೆ. ಸುತ್ತಿಗೆ ತಂದರೂ ಬಿಡಲಿಲ್ಲ. ಮರ ತೇವಕ್ಕೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಸಣ್ಣ ಬ್ಲೇಡಿನ ದಾರಿ ಆ ಹಿಗ್ಗಿಗೆ ಸಾಲುವುದಿಲ್ಲ. ಈಗ ಪ್ರತಿ ತುಂಡಿನ ಎಲ್ಲ ಮುಖಕ್ಕೂ, ಕತ್ತರಿಸಿದ ಒಳ ಅಂಚಿಗೂ ಜೇನುಮೇಣ ತಿಕ್ಕುತ್ತೇನೆ, ಬ್ಲೇಡ್ ಒಂದು ನಂಬರ್ ದಪ್ಪ ಹಾಕುತ್ತೇನೆ. ಬೀಟೆಯಲ್ಲಿ ಎಣ್ಣೆ ಅಂಶ ಇರುವುದರಿಂದ ವಾರ್ನಿಷ್ ಬೇಗ ಒಣಗುವುದಿಲ್ಲ, ಅದರ ತಂಟೆಗೆ ಹೋಗಬೇಡಿ.

ಮಗುವಿಗೆ ಎಷ್ಟು ವಯಸ್ಸು ಎಂದು ಬರೆದಿಲ್ಲ. ಬಾಯಿಗೆ ಹಾಕುವ ವಯಸ್ಸಾಗಿದ್ದರೆ ಬೀಟೆ ಬೇಡ, ಅದರ ಪುಡಿ, ಎಣ್ಣೆ ಕೆಲವರಿಗೆ ತುರಿಕೆ ತರಿಸುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಸಿಕ್ಕರೆ ಅದೇ ಮೇಲು. ಮೆತ್ತಗಿರುತ್ತದೆ, ನಿಮ್ಮ ಬ್ಲೇಡೂ ಉಳಿಯುತ್ತದೆ. ನೀವೂ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಇನ್ನೊಂದು, ಬರೆಯುತ್ತಾ ನೆನಪಾಯಿತು: ಹಳೇ ಮಂಚ ಅಂದಿರಲ್ಲ, ಕತ್ತರಿಸುವ ಮೊದಲು ಹಲಗೆಯ ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ. ತಲೆ ಮುರಿದು ಒಳಗೇ ಉಳಿದ ಮೊಳೆ ಇದ್ದರೆ ಮೇಲೆ ಬರೆದ ಯಾವ ಉಪಾಯವೂ ಬ್ಲೇಡನ್ನು ಉಳಿಸುವುದಿಲ್ಲ.