ಅಂಕಿ ಓದಿ, ಆಮೇಲೆ ಬೋಟು ಹತ್ತಿ

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿನಲ್ಲಿ ಬೋಟಿನಲ್ಲಿ ಸುತ್ತಿ ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ಒಟ್ಟು ಹನ್ನೊಂದು ಜನ, ಅದರಲ್ಲಿ ನಾಲ್ವರು ಮಕ್ಕಳು. ತಾನೂರಿನಲ್ಲಿ ಪ್ರವಾಸಿ ಬೋಟು ಮುಳುಗಿದ ಸುದ್ದಿ ನೋಡಿದ ಮೇಲೆ ನನಗೆ ಹೆದರಿಕೆ. ‘ಸರಕಾರದ ಪರವಾನಗಿ ಇರ್ತದೆ, ಸುಮ್ನೆ ಹೆದರ್ತೀರಿ’ ಎನ್ನುತ್ತಾನೆ ಮಗ. ನನಗೆ ಮಲಯಾಳ ಓದಲು ಬರುವುದಿಲ್ಲ. ಏನು ನೋಡಿ ಹತ್ತಬೇಕು?
– ಓದುಗರೊಬ್ಬರು, ಕುಂಬಳೆ

ಉತ್ತರ: ಅಕ್ಕಾ, ಹೆದರಿಕೆಯೂ ಇರಲಿ, ಬೋಟೂ ಹತ್ತಿ. ಬರಹ ಮಲಯಾಳದಲ್ಲಿದ್ದರೂ ಅಂಕಿ ಓದಬಹುದಲ್ವಾ? ಎಷ್ಟು ಜನ ಕೂರಬಹುದು ಎಂದು ಬೋಟಿನಲ್ಲಿ ಬರೆದಿರಬೇಕು. ಅದನ್ನು ಹುಡುಕಿ, ಆಮೇಲೆ ತಲೆ ಎಣಿಸಿ.

ಮಗ ಹೇಳುವುದು ಅರ್ಧ ಸರಿ. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಬೋಟಿಗೆ ನೋಂದಣಿ ಬೇಕು, ಸರ್ವೆ, ಅಂದರೆ ಬೋಟಿನ ತಪಾಸಣೆ ಆಗಬೇಕು, ನಡೆಸುವವನ ಬಳಿ ಅರ್ಹತಾ ಪತ್ರ ಇರಬೇಕು. ಆದರೆ ಸರ್ವೆಯವರು ನೋಡುವುದು ಬೋಟನ್ನು. ಭಾನುವಾರ ಸಂಜೆ ಅದಕ್ಕೆ ಎಷ್ಟು ಜನ ತುಂಬುತ್ತಾರೆ ಎಂದು ನೋಡಲು ಅವರು ಅಲ್ಲಿರುವುದಿಲ್ಲ. 2023ರ ಮೇ 7ರಂದು ತಾನೂರಿನಲ್ಲಿ ಮುಳುಗಿದ್ದು ಮೀನಿನ ಬೋಟನ್ನು ಬದಲಿಸಿ ಮಾಡಿದ ಪ್ರವಾಸಿ ಬೋಟು. ಕತ್ತಲಾಗುವ ಹೊತ್ತು, ಮಿತಿಗಿಂತ ಜಾಸ್ತಿ ಜನ. 22 ಮಂದಿಯ ಜೀವ ಹೋಯಿತು. ಖಾಸಗಿಯವರದ್ದು ಮಾತ್ರ ಹೀಗೆ ಎನ್ನಬೇಡಿ. 2002ರಲ್ಲಿ ಕುಮರಕಂ ಬಳಿ 29 ಜನರ ಜೀವ ತೆಗೆದದ್ದು ಸರಕಾರದ್ದೇ ಬೋಟು. ಅದರಲ್ಲಿ ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಹೊರಟವರು ಬಹಳ ಮಂದಿ ಇದ್ದರು.

ನಾನೂ ಸಾಚಾ ಅಲ್ಲ. ಹೊಳೆ ದಾಟಿಸುವ ಕಡವಿನ ಯಂತ್ರದೋಣಿಯಲ್ಲಿ ಇಂಜಿನ್ ನೋಡಿಕೊಂಡಿದ್ದ ಕಾಲ. ಜಾತ್ರೆಯ ರಾತ್ರಿ, ‘ಇನ್ನು ನಾಲ್ಕೇ ಜನ’ ಎನ್ನುತ್ತ ಹತ್ತು ಜನ ಹತ್ತಿದರು. ನಾನು ಬಾಯಿ ಬಿಡಲಿಲ್ಲ. ಹೊಳೆಯ ನಡುವೆ ಆಚೆ ದಡದಲ್ಲಿ ಬಾಣಬಿರುಸು ಹಾರಿತು. ಎಲ್ಲರೂ ನೋಡಲು ಒಂದೇ ಬದಿಗೆ ಬಂದರು. ನೀರು ಅಂಚು ದಾಟಿ ನನ್ನ ಕಾಲು ತೋಯಿಸಿತು. ‘ಕೂತ್ಕೊಳ್ಳಿ’ ಎಂದು ದೋಣಿ ನಡೆಸುವ ತಂಡೇಲ ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಬಸ್ಸಾದರೆ ವಾಲಿಕೊಂಡೇ ಊರು ಸೇರುತ್ತದೆ, ದೋಣಿಗೆ ಆ ಉಪಾಯ ಗೊತ್ತಿಲ್ಲ. 2009ರಲ್ಲಿ ತೇಕ್ಕಡಿಯಲ್ಲಿ ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಹೋದಾಗ ಎರಡಂತಸ್ತಿನ ಬೋಟು ಮಗುಚಿತು. ಸತ್ತವರು 45.

ಹಾಗಾಗಿ ಮಹಡಿ ಇರುವ ಬೋಟಾದರೆ ಕೆಳಗೇ ಕೂರಿ. ಲೈಫ್ ಜಾಕೆಟ್ ಮೂಟೆ ಕಟ್ಟಿ ಮೇಲೆ ತೂಗಿಸಿದ್ದರೆ ಇಳಿಸಿ ಕೊಡಲು ಹೇಳಿ, ಹೊರಡುವ ಮೊದಲೇ ಹಾಕಿಕೊಳ್ಳಿ. ಮಕ್ಕಳ ಅಳತೆಯದ್ದು ಇದೆಯೇ ಎಂದು ಕೇಳಿ. ದೊಡ್ಡವರ ಜಾಕೆಟ್ಟಿನಿಂದ ಮಗು ನೀರಿನಲ್ಲಿ ಜಾರಿಹೋಗುತ್ತದೆ. ಸಂಜೆಯ ಕೊನೆಯ ಸುತ್ತು ಬೇಡವೇ ಬೇಡ.

ಇನ್ನೊಂದು. ಎಂಟೇ ಜಾಗ ಉಳಿದಿದ್ದರೆ, ‘ಮಕ್ಕಳಲ್ವಾ, ಮಡಿಲಲ್ಲಿ ಕೂರಿಸಿ’ ಎನ್ನುತ್ತಾರೆ. ಮಡಿಲಲ್ಲಿದ್ದರೂ ಅದು ಒಂದು ತಲೆಯೇ. ಮುಂದಿನ ಬೋಟಿಗೆ ಕಾಯಿರಿ. ಎಣಿಸುವ ಕೆಲಸ ಮಗನಿಗೇ ಕೊಡಿ.